ಮುಂದಾಳು ತನ್ನನ್ನು ಕಾಣುವುದು ಹೇಗೆ?

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಇವತ್ತಿನ ಮಾತಿಗೆ ಗೊತ್ತುಮಾಡಿರುವ ವಿಷಯ ‘ಮುಂದಾಳಿನ ಆತ್ಮಪರಿಚಯ’. ಹೆಸರು ಕೇಳಿದವರು ಇದೇನೋ ಮಠದ ಪ್ರವಚನವಿರಬೇಕೆಂದು ತಿಳಿದರೆ ಆಶ್ಚರ್ಯವಿಲ್ಲ. ನಮ್ಮ ನಾಡಿನಲ್ಲಿ ತನ್ನನ್ನು ತಾನು ಅರಿಯುವ ಕೆಲಸವನ್ನು ಸಂತರಿಗೂ ಸನ್ಯಾಸಿಗಳಿಗೂ ವಹಿಸಿಕೊಟ್ಟು ಉಳಿದವರು ನಿಶ್ಚಿಂತರಾಗಿದ್ದೇವೆ. ಆದರೆ ನಾಲ್ಕು ಜನರ ಪರವಾಗಿ ಮಾತಾಡಲು ಎದ್ದು ನಿಂತ ಯಾವನಿಗೂ ಈ ಕೆಲಸದಿಂದ ಬಿಡುಗಡೆಯಿಲ್ಲ. ಅವನು ನೂಲಿನ ಖಾತೆಯ ಪ್ರತಿನಿಧಿಯಾಗಿರಲಿ, ಪೇಟೆಯ ವರ್ತಕರ ಸಂಘದ ಕಾರ್ಯದರ್ಶಿಯಾಗಿರಲಿ. ಅವನು ತನ್ನನ್ನು ತಪ್ಪಾಗಿ ತಿಳಿದುಕೊಂಡರೆ ಅದರ ದಂಡ ಕಟ್ಟುವವರು ಅವನ ಹಿಂದೆ ನಿಂತವರು. ಸನ್ಯಾಸಿಯ ಭ್ರಮೆಯಿಂದ ಸನ್ಯಾಸಿಗೊಬ್ಬನಿಗೇ ನಷ್ಟ. ಸಂಪು ಹೂಡಿದವನ ಭ್ರಮೆಯಿಂದ ಸಾವಿರ ಮನೆಗಳ ಒಲೆ ಆರುತ್ತದೆ.

ಅಂಗಡಿ ನಡೆಸುವವರು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮ ಮಾತಿನಲ್ಲೇ ಹೇಳುತ್ತೇನೆ. ಕಿರ್ದಿ ಬರೆಯದೆ ವ್ಯಾಪಾರ ಮಾಡುವವನಿಗೆ ಗಲ್ಲಾಪೆಟ್ಟಿಗೆಯಲ್ಲಿ ಬಿದ್ದ ದುಡ್ಡೆಲ್ಲ ಲಾಭವಾಗಿಯೇ ಕಾಣುತ್ತದೆ. ಅದರಲ್ಲಿ ಉದ್ರಿ ತಂದ ಮಾಲಿನ ಹಣವೆಷ್ಟು, ಕೊಡಬೇಕಾದ ಬಡ್ಡಿಯೆಷ್ಟು ಎಂಬುದು ಸಾಹುಕಾರ ಬಾಗಿಲಿಗೆ ಬಂದು ನಿಂತಾಗಲೇ ಗೊತ್ತಾಗುವುದು. ಮುಂದಾಳಿನ ಪಾಡೂ ಹಾಗೆಯೇ. ಸಭೆಯಲ್ಲಿ ಬಿದ್ದ ಚಪ್ಪಾಳೆಯನ್ನು, ಕೊರಳಿಗೆ ಬಿದ್ದ ಹಾರವನ್ನು, ದಾರಿಯಲ್ಲಿ ಸಿಕ್ಕ ನಮಸ್ಕಾರವನ್ನು ಅವನು ತನ್ನ ಸ್ವಂತ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತಾನೆ. ಅದರಲ್ಲಿ ಹೆಚ್ಚಿನದು ಜನ ನಂಬಿ ಕೊಟ್ಟ ಸಾಲ.

ಈ ಕುರುಡು ಹತ್ತುವುದು ಮೆಲ್ಲಮೆಲ್ಲಗೆ. ಇಂದಿನಿಂದ ಅಹಂಕಾರಿಯಾಗುತ್ತೇನೆ ಎಂದು ಬೆಳಗ್ಗೆ ಎದ್ದು ಸಂಕಲ್ಪ ಮಾಡುವವನು ಯಾವನೂ ಇಲ್ಲ. ಮೊದಲು ಸಂಘದ ಕಚೇರಿಯಲ್ಲಿ ಒಂದು ಕುರ್ಚಿ ಅವನಿಗೆ ಖಾಯಂ ಆಗುತ್ತದೆ. ಅವನಿಲ್ಲದಾಗಲೂ ಅದರಲ್ಲಿ ಬೇರೆಯವರು ಕೂಡುವುದಿಲ್ಲ. ಅವನು ಬಂದೊಡನೆ ಚಹಾ ಬರುತ್ತದೆ, ದುಡ್ಡು ಯಾರು ಕೊಟ್ಟರೆಂದು ಕೇಳುವುದನ್ನು ಅವನು ಬಿಡುತ್ತಾನೆ. ಅವನ ಸಾಧಾರಣ ಚಟಾಕಿಗೂ ಎಲ್ಲರೂ ನಗುತ್ತಾರೆ. ಮ್ಯಾನೇಜರು ಒಳಗೆ ಕರೆದು ಕುರ್ಚಿ ಕೊಟ್ಟು ಮಾತಾಡಿಸುತ್ತಾರೆ. ಪಾಳಿ ಮುಗಿಸಿದವರು ಗೇಟಿನ ಹೊರಗೆ ಬಿಸಿಲಲ್ಲಿ ಕಾಯುತ್ತಾರೆ. ಹೀಗೆ ವರ್ಷವೊಂದು ಕಳೆಯುವುದರೊಳಗೆ, ‘ಜನ ಏನಂತಾರಪ್ಪ?’ ಎಂದು ಕೇಳುತ್ತಿದ್ದ ಮನುಷ್ಯ ‘ಜನ ಹೀಗಂತಾರೆ’ ಎಂದು ತಾನೇ ಹೇಳುವವನಾಗಿರುತ್ತಾನೆ. ಆಗ ಅವನಿಗೆ ಎದುರುಗಡೆಯವರ ಎಲೆಯಲ್ಲಿನ ನೊಣ ಸ್ಪಷ್ಟವಾಗಿ ಕಾಣುತ್ತದೆ. ತನ್ನ ಎಲೆಯಲ್ಲಿ ಹೆಗ್ಗಣವೇ ಬಿದ್ದಿದ್ದರೂ ಕಾಣುವುದಿಲ್ಲ.

ನಾನು ಮಾಸ್ತರಿಕೆ ಮಾಡಿ ಬಂದವನು. ಆ ಕಸುಬಿನಲ್ಲಿ ಒಂದು ವಿಷಯ ಬೇಗ ತಿಳಿಯುತ್ತದೆ. ಮಾಸ್ತರು ಒಳಗೆ ಕಾಲಿಟ್ಟ ಕೂಡಲೆ ತರಗತಿ ಬೇರೆಯಾಗಿಬಿಡುತ್ತದೆ. ಅವನು ಜೀವಮಾನವೆಲ್ಲ ನೋಡುವುದು ತಾನು ಇರುವಾಗಿನ ತರಗತಿಯನ್ನು. ತಾನಿಲ್ಲದ ತರಗತಿ ಹೇಗಿರುತ್ತದೆಂದು ಅವನೊಬ್ಬನಿಗೇ ಗೊತ್ತಿರುವುದಿಲ್ಲ. ‘ಎಲ್ಲರಿಗೂ ತಿಳಿಯಿತೇನ್ರೋ?’ ಎಂದರೆ ಮುಂದಿನ ಬೆಂಚಿನ ನಾಲ್ವರು ‘ತಿಳೀತು ಸಾರ್’ ಎಂದು ಕೂಗುತ್ತಾರೆ. ಹಿಂದಿನ ಬೆಂಚು ಸುಮ್ಮನಿರುತ್ತದೆ. ಆ ಮೌನವನ್ನು ಒಪ್ಪಿಗೆಯೆಂದು ಬರೆದುಕೊಂಡ ಮಾಸ್ತರಿಗೆ ನಿಜ ಗೊತ್ತಾಗುವುದು ಮಾರ್ಚಿಯ ಪರೀಕ್ಷೆಯಲ್ಲಿ. ನಾನು ಹೇಳಹೊರಟಿರುವ ಪ್ರಸಂಗದಲ್ಲಿ ಒಬ್ಬ ದೊಡ್ಡ ಮುಂದಾಳಿಗೆ ಪರೀಕ್ಷೆ ಬಂದದ್ದೂ ಮಾರ್ಚಿಯಲ್ಲೇ. ಊರು ಅಹಮದಾಬಾದು, ಇಸವಿ 1918, ಮುಂದಾಳು ಗಾಂಧೀಜಿ.

ಗಾಂಧೀಜಿ ಎಂದರೆ ಚಿತ್ರಪಟಕ್ಕೆ ಹಾರ ಹಾಕಿ ಸುಮ್ಮನಾಗುವುದು ನಮಗೆ ಅಭ್ಯಾಸವಾಗಿದೆ. ಆ ಪಟವನ್ನು ಸ್ವಲ್ಪ ಹೊತ್ತು ಗೋಡೆಯಿಂದ ಇಳಿಸಿ ಇಡೋಣ. 1918ರ ಗಾಂಧಿ ನಲವತ್ತೆಂಟು ವರ್ಷದ ಮನುಷ್ಯ, ದಕ್ಷಿಣ ಆಫ್ರಿಕದಿಂದ ಬಂದು ಮೂರು ವರ್ಷವಾಗಿದೆ, ಹಿಂದಿನ ವರ್ಷ ಚಂಪಾರಣ್ಯದಲ್ಲಿ ನೀಲಿಯ ರೈತರಿಗಾಗಿ ಕೆಲಸ ಮಾಡಿ ಹೆಸರಾಗಿದ್ದಾರೆ. ಗಿರಣಿ ಕಾರ್ಮಿಕರ ಸಂಪು ನಡೆಸುವುದು ಅವರಿಗೆ ಹೊಸದು.

ಜಗಳ ಹುಟ್ಟಿದ್ದು ಹೀಗೆ. 1917ರಲ್ಲಿ ಅಹಮದಾಬಾದಿಗೆ ಪ್ಲೇಗು ಬಂತು. ಕಾರ್ಮಿಕರು ಊರು ಬಿಟ್ಟು ಹೋಗದಿರಲೆಂದು ಗಿರಣಿ ಮಾಲೀಕರು ಪಗಾರದ ಮೇಲೆ ‘ಪ್ಲೇಗು ಬೋನಸ್’ ಕೊಡತೊಡಗಿದರು. ಕೆಲವು ಕಡೆ ಅದು ಪಗಾರದ ಶೇಕಡ 70-80ರವರೆಗೂ ಇತ್ತು. ಮಹಾಯುದ್ಧದ ಕಾಲ, ಬಟ್ಟೆಗೆ ಒಳ್ಳೆಯ ಬೆಲೆ. ಕೊಡಲು ಅವರಿಗೆ ಕಷ್ಟವಿರಲಿಲ್ಲ. ಪ್ಲೇಗು ತಗ್ಗಿತು. ಬೋನಸ್ ನಿಲ್ಲಿಸುತ್ತೇವೆಂದು 1918ರ ಮೊದಲಲ್ಲಿ ಮಾಲೀಕರು ಹೇಳಿದರು. ಪ್ಲೇಗು ಇಳಿದರೂ ಕಾಳಿನ ಬೆಲೆ ಇಳಿದಿರಲಿಲ್ಲ. ನೇಯುವವರು ಶೇಕಡ 50 ತುಟ್ಟಿಭತ್ಯೆ ಕೇಳಿದರು. ಮಾಲೀಕರು ಶೇಕಡ 20 ಎಂದರು. ಗಾಂಧೀಜಿ ಲೆಕ್ಕಪತ್ರ ತರಿಸಿ, ಬೆಲೆಗಳನ್ನೂ ಮುಂಬಯಿಯ ಪಗಾರವನ್ನೂ ನೋಡಿ, ನ್ಯಾಯವಾದ ಬೇಡಿಕೆ ಶೇಕಡ 35 ಎಂದು ಗೊತ್ತುಮಾಡಿ ಕಾರ್ಮಿಕರನ್ನು ಒಪ್ಪಿಸಿದರು. ಇದನ್ನು ಗಮನದಲ್ಲಿಡಿ. ಐವತ್ತನ್ನು ಮೂವತ್ತೈದಕ್ಕೆ ಇಳಿಸಿದ್ದು ಮುಂದಾಳು; ಆ ಹದಿನೈದನ್ನು ಬಿಟ್ಟುಕೊಟ್ಟದ್ದು ಕಾರ್ಮಿಕ.

ಮಾಲೀಕರ ಮುಖ್ಯಸ್ಥರು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರ ನಿಂತವರು ಅವರ ಸ್ವಂತ ಅಕ್ಕ ಅನಸೂಯಾಬೆನ್. ಅಂಬಾಲಾಲರಿಗೂ ಗಾಂಧೀಜಿಗೂ ಸ್ನೇಹ. ಇಷ್ಟೇ ಅಲ್ಲ. 1915ರಲ್ಲಿ ಗಾಂಧೀಜಿ ತಮ್ಮ ಆಶ್ರಮಕ್ಕೆ ಒಂದು ಅಸ್ಪೃಶ್ಯ ಕುಟುಂಬವನ್ನು ಸೇರಿಸಿಕೊಂಡಾಗ ಊರಿನವರ ಸಹಾಯ ನಿಂತುಹೋಗಿ ಆಶ್ರಮ ಮುಚ್ಚುವ ಹಂತಕ್ಕೆ ಬಂತು. ಒಂದು ದಿನ ಒಬ್ಬ ಶೇಠರು ಮೋಟಾರಿನಲ್ಲಿ ಬಂದು ಬಾಗಿಲಲ್ಲಿ ನಿಂತು 13,000 ರೂಪಾಯಿ ಕೊಟ್ಟು ಒಳಕ್ಕೂ ಬಾರದೆ ಹೊರಟುಹೋದರು. ಆತ್ಮಕಥೆಯಲ್ಲಿ ಶೇಠರ ಹೆಸರಿಲ್ಲ. ಅವರು ಅಂಬಾಲಾಲರೇ ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ಅಂದರೆ ಯಾರ ವಿರುದ್ಧ ಸಂಪೋ ಅವರ ಉಪಕಾರ ಮುಂದಾಳಿನ ಮೇಲಿತ್ತು. ಇದನ್ನು ಕೇಳಿ ಯಾರೂ ಹುಬ್ಬೇರಿಸಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲೇ ಯಾವ ಸಂಘದ ಕಟ್ಟಡದ ಕಲ್ಲಿನ ಮೇಲೆ ಯಾರ ಹೆಸರು ಕೆತ್ತಿದೆ ಎಂದು ಒಮ್ಮೆ ಓದಿಕೊಂಡು ಬನ್ನಿ.

ಫೆಬ್ರವರಿ 22ಕ್ಕೆ ಮಾಲೀಕರು ಲಾಕೌಟ್ ಸಾರಿದರು. 26ರಂದು ಕಾರ್ಮಿಕರು ಪ್ರತಿಜ್ಞೆ ಮಾಡಿದರು: ಶೇಕಡ 35 ಸಿಗುವತನಕ ಕೆಲಸಕ್ಕೆ ಹೋಗುವುದಿಲ್ಲ, ದೊಂಬಿ ಮಾಡುವುದಿಲ್ಲ, ಯಾರನ್ನೂ ಹೊಡೆಯುವುದಿಲ್ಲ. ಸಾಬರಮತಿಯ ದಂಡೆಯಲ್ಲಿ ಒಂದು ಜಾಲಿಯ ಮರದ ಕೆಳಗೆ ದಿನವೂ ಸಭೆ. ಸಭೆಗೆ ಕರಪತ್ರ. ಭಿಕ್ಷೆಯ ಅನ್ನ ತಿಂದು ಸಂಪು ನಡೆಸಬಾರದು, ಬೇರೆ ಕೂಲಿ ಮಾಡಿ ತಿನ್ನಬೇಕು ಎಂಬುದು ಗಾಂಧೀಜಿಯ ನಿಯಮ. ಆಶ್ರಮದ ನೇಯ್ಗೆ ಶಾಲೆಯ ತಳಪಾಯಕ್ಕೆ ಮರಳು ತುಂಬುವ ಕೆಲಸ ಕೆಲವರಿಗೆ ಸಿಕ್ಕಿತು. ಅನಸೂಯಾಬೆನ್ ತಾವೇ ತಲೆಯ ಮೇಲೆ ಬುಟ್ಟಿ ಹೊತ್ತು ಮುಂದೆ ನಡೆದರು.

ಎರಡು ವಾರ ಇದು ಚೆನ್ನಾಗಿ ನಡೆಯಿತು. ಮಾರ್ಚ್ 12ರಂದು ಮಾಲೀಕರು ಜಾಣತನ ಮಾಡಿದರು: ಲಾಕೌಟ್ ತೆಗೆದು, ಶೇಕಡ 20 ಒಪ್ಪಿದವರು ಬರಬಹುದೆಂದು ಗೇಟು ತೆರೆದರು. ಸಂಪು ನಡೆಸಿದವರಿಗೆಲ್ಲ ಇದರ ಅರ್ಥ ಗೊತ್ತು. ಮುಚ್ಚಿದ ಗೇಟಿನ ಮುಂದೆ ಒಗ್ಗಟ್ಟಾಗಿರುವುದು ಸುಲಭ, ತೆರೆದ ಗೇಟಿನ ಮುಂದೆ ಕಷ್ಟ. ಮನೆಯಲ್ಲಿ ಹಿಟ್ಟು ಮುಗಿದಿದೆ, ಮಕ್ಕಳು ಅಳುತ್ತಿವೆ, ಗಿರಣಿಯ ಸಿಳ್ಳು ಕೂಗುತ್ತಿದೆ. ಸಭೆಗೆ ಬರುವವರು ಕಡಿಮೆಯಾದರು. ಬಂದವರ ಮುಖವೂ ಸಪ್ಪಗಾಯಿತು.

ಆಗ ಗಾಂಧೀಜಿಯ ಬಂಧು ಛಗನಲಾಲರು ಜುಗಲದಾಸ್ ಚಾಳಿಗೆ ಹೋಗಿ, ಸಭೆಗೆ ಬನ್ನಿರೆಂದು ಕಾರ್ಮಿಕರನ್ನು ಕರೆದರು. ಅಲ್ಲಿಯವರು ಕೊಟ್ಟ ಉತ್ತರವನ್ನು ಮಹದೇವ ದೇಸಾಯಿಯವರು ಈ ಹೋರಾಟದ ಬಗ್ಗೆ ಬರೆದ ಪುಸ್ತಕದಲ್ಲಿ ದಾಖಲೆ ಮಾಡಿದ್ದಾರೆ. ಅದರ ಭಾವವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಗಾಂಧಿಗೂ ಅನಸೂಯಾಬೆನ್ನಿಗೂ ಏನು ನಷ್ಟ? ಮೋಟಾರಿನಲ್ಲಿ ಬರುತ್ತಾರೆ, ಮೋಟಾರಿನಲ್ಲಿ ಹೋಗುತ್ತಾರೆ, ಹೊಟ್ಟೆತುಂಬ ಉಣ್ಣುತ್ತಾರೆ, ಸಾಯುವವರು ನಾವು, ಸಭೆಗೆ ಬಂದರೆ ಹಸಿವು ಹೋಗುತ್ತದೆಯೇ?

ಈ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ, ಮುಂದಿನದೆಲ್ಲ ಇದರಿಂದಲೇ ಹುಟ್ಟಿತು.

ಒಂದನೆಯದು, ಮಾತು ಪೂರ್ತಿ ನ್ಯಾಯವಾದುದಲ್ಲ. ಗಾಂಧೀಜಿ ಪಕ್ವಾನ್ನ ಉಣ್ಣುವವರಲ್ಲ. ಹಣ್ಣು, ಕಡಲೆಬೀಜಗಳ ಮೇಲೆ ದಿನ ಕಳೆಯುತ್ತಿದ್ದವರು. ನಮ್ಮಂಥವರಿಗೆ ಇಂಥ ಮಾತು ಕೇಳಿಬಂದಿದ್ದರೆ ಏನು ಮಾಡುತ್ತಿದ್ದೆವು? ಮರುದಿನವೇ ವೇದಿಕೆ ಹತ್ತಿ, ನಾನು ಮನೆ ಬಿಟ್ಟೆ, ಮಠ ಬಿಟ್ಟೆ, ನೌಕರಿ ಬಿಟ್ಟೆ, ನಿಮಗಾಗಿ ಜೈಲಿಗೆ ಹೋದೆ, ಕೊನೆಗೆ ಈ ಮಾತು ಕೇಳಬೇಕಾಯಿತೇ ಎಂದು ಕಣ್ಣೀರು ಹಾಕುತ್ತಿದ್ದೆವು. ತ್ಯಾಗದ ಪಟ್ಟಿ ಓದುವ ಮುಂದಾಳನ್ನು ನೀವೂ ನೋಡಿದ್ದೀರಿ. ಗಾಂಧೀಜಿ ಆ ಪಟ್ಟಿ ತೆಗೆಯಲಿಲ್ಲ. ತಮ್ಮ ಊಟದ ವಿಷಯದಲ್ಲಿ ಅವರು ತಪ್ಪಾಗಿ ತಿಳಿದಿದ್ದಾರೆಂಬುದು ಅವರಿಗೆ ಮುಖ್ಯವಾಗಲಿಲ್ಲ. ಸೋತರೆ ಕಳೆದುಕೊಳ್ಳುವುದರಲ್ಲಿ ತನಗೂ ಅವರಿಗೂ ಇರುವ ಅಂತರ ನಿಜ ಎಂಬುದು ಅವರಿಗೆ ತಟ್ಟಿತು. ಮೋಟಾರಂತೂ ಇತ್ತು, ಅದನ್ನು ಇಲ್ಲವೆನ್ನುವಂತಿರಲಿಲ್ಲ.

ಎರಡನೆಯದು ಇನ್ನೂ ದೊಡ್ಡದು, ಯಾರೂ ಹೇಳದಿರುವುದು. ಛಗನಲಾಲರು ಆ ಮಾತನ್ನು ತಂದು ಮುಟ್ಟಿಸಿದರು. ನುಂಗಿಕೊಳ್ಳಲಿಲ್ಲ, ಸಕ್ಕರೆ ಬೆರೆಸಲಿಲ್ಲ, ‘ಏನೋ ಕೆಲವರು ಬೇಸರದಲ್ಲಿದ್ದಾರೆ’ ಎಂದು ತೇಲಿಸಲಿಲ್ಲ. ಮುಂದಾಳಿನ ಸುತ್ತ ಇರುವವರ ಮುಖ್ಯ ಉದ್ಯೋಗ ಇಂಥ ಮಾತುಗಳನ್ನು ತಡೆಹಿಡಿಯುವುದೇ ಆಗಿರುತ್ತದೆ. ದೊಡ್ಡವರ ಮನಸ್ಸಿಗೆ ನೋವಾಗಬಾರದೆಂಬ ಭಕ್ತಿ ಕೆಲವರಿಗೆ. ಕೆಟ್ಟ ಸುದ್ದಿ ತಂದವನೇ ಕೆಟ್ಟವನಾಗುತ್ತಾನೆಂಬ ಅನುಭವ ಇನ್ನು ಕೆಲವರಿಗೆ. ಛಗನಲಾಲರು ದಕ್ಷಿಣ ಆಫ್ರಿಕದಿಂದಲೂ ಗಾಂಧೀಜಿಯ ಜೊತೆ ಇದ್ದವರು. ಕಹಿ ಸುದ್ದಿ ತಂದರೆ ಈ ಮನೆಯಲ್ಲಿ ಬಾಗಿಲು ಮುಚ್ಚುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಜುಗಲದಾಸ್ ಚಾಳಿನ ಮಾತು ನದಿಯ ಆಚೆ ಆಶ್ರಮ ಮುಟ್ಟಿದ್ದು ಆ ಬಾಗಿಲಿನ ಮೂಲಕ. ನನ್ನ ಕೇಳಿದರೆ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದಕ್ಕಿಂತ ಇಂಥ ಒಂದು ಬಾಗಿಲು ಇಟ್ಟುಕೊಳ್ಳುವುದು ಮುಂದಾಳಿಗೆ ಮೊದಲ ಕೆಲಸ. ಕಣ್ಣು ಮುಚ್ಚಿ ಕೂತು ತನ್ನೊಳಗೆ ನೋಡಿಕೊಂಡರೆ ಅವನಿಗೆ ಕಾಣುವುದು ಸಾಮಾನ್ಯವಾಗಿ ಒಬ್ಬ ಒಳ್ಳೆಯ ಮನುಷ್ಯ.

ಮಾರ್ಚ್ 15ರ ಬೆಳಗಿನ ಸಭೆಯಲ್ಲಿ ಗಾಂಧೀಜಿ ಉಪವಾಸ ಘೋಷಿಸಿದರು. ಶೇಕಡ 35 ಸಿಗುವವರೆಗೆ ಊಟ ಮಾಡುವುದಿಲ್ಲ, ಮೋಟಾರು ಹತ್ತುವುದಿಲ್ಲ ಎಂದರು. ಊಟ ಮತ್ತು ಮೋಟಾರು, ಚಾಳಿನವರು ಎತ್ತಿದ್ದ ಎರಡೇ ಮಾತು. ಅನಸೂಯಾಬೆನ್ನೂ ಕಾರ್ಮಿಕರೂ ತಾವೂ ಉಪವಾಸ ಮಾಡುತ್ತೇವೆಂದಾಗ ಅವರು ತಡೆದರು. ಸಭೆಯ ಮೈ ನಡುಗಿತು, ಕುಸಿದಿದ್ದ ಸಂಪು ಎದ್ದು ನಿಂತಿತು. ಮೂರು ದಿನಕ್ಕೆ ರಾಜಿಯಾಯಿತು.

ನಮ್ಮ ಪುಸ್ತಕಗಳು ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಜಯಕಾರ ಹಾಕುತ್ತವೆ. ನನಗೆ ಬೇಕಾದ ಭಾಗ ಆ ಮೂರು ದಿನಗಳ ಒಳಗಿದೆ.

ಉಪವಾಸ ಮಾಡಿದ್ದು ಕಾರ್ಮಿಕರು ಪ್ರತಿಜ್ಞೆ ಮುರಿಯದಿರಲೆಂದು. ಆದರೆ ಪೆಟ್ಟು ಬಿದ್ದದ್ದು ಮಾಲೀಕರಿಗೆ. ಸ್ನೇಹಿತ ಸಾಯಲು ಕೂತಿದ್ದಾನೆ ಎಂದು ಅಂಬಾಲಾಲರು ತಲ್ಲಣಿಸಿದರು. ಬೇಡಿಕೆ ನ್ಯಾಯವೇ ಅಲ್ಲವೇ ಎಂಬ ವಾದ ಹಿಂದಕ್ಕೆ ಸರಿದು, ಗಾಂಧಿಯ ಜೀವ ಉಳಿಸಬೇಕೆಂಬುದು ಮುಂದಕ್ಕೆ ಬಂತು. ಗಾಂಧೀಜಿಗೆ ಇದು ಉಪವಾಸದ ನಡುವೆಯೇ ಕಂಡಿತು. ಮಾರ್ಚ್ 17ರಂದು ಆಶ್ರಮವಾಸಿಗಳ ಮುಂದೆ ಅದನ್ನು ಬಿಚ್ಚಿ ಹೇಳಿದರು. ಮುಂದೆ ಆತ್ಮಕಥೆಯಲ್ಲೂ ಬರೆದರು: ಮಾಲೀಕರೊಡನೆ ತಮಗಿದ್ದ ಸ್ನೇಹದಿಂದ ಈ ಉಪವಾಸ ಅವರ ಮೇಲೆ ಒತ್ತಾಯವಾಗದೆ ಇರುವುದು ಸಾಧ್ಯವಿರಲಿಲ್ಲ, ಆ ದೋಷ ಅದರಲ್ಲಿತ್ತು ಎಂದು.

ಯೋಚಿಸಿ ನೋಡಿ. ಗೆಲ್ಲುತ್ತಿರುವ ಹೊತ್ತಿನಲ್ಲಿ ತನ್ನ ಗೆಲುವಿನೊಳಗಿನ ಕಲಬೆರಕೆಯನ್ನು ತಾನೇ ಎತ್ತಿ ತೋರಿಸುವುದು! ಸೋತವನಿಗೆ ಆತ್ಮಪರೀಕ್ಷೆ ಸುಲಭ. ಬೇರೆ ಕೆಲಸವೂ ಇರುವುದಿಲ್ಲ.

ರಾಜಿಯ ಷರತ್ತುಗಳೂ ವಿಚಿತ್ರವಾಗಿದ್ದವು. ಮೊದಲ ದಿನ ಶೇಕಡ 35, ಕಾರ್ಮಿಕರ ಪ್ರತಿಜ್ಞೆ ಉಳಿಯಲೆಂದು. ಎರಡನೆಯ ದಿನ ಶೇಕಡ 20, ಮಾಲೀಕರ ಮಾತು ಉಳಿಯಲೆಂದು. ಮೂರನೆಯ ದಿನದಿಂದ ಎರಡರ ನಡುವಣ ಇಪ್ಪತ್ತೇಳೂವರೆ. ಅಷ್ಟರಲ್ಲಿ ಆನಂದಶಂಕರ ಧ್ರುವರೆಂಬ ಪ್ರಾಧ್ಯಾಪಕರು ಮಧ್ಯಸ್ಥರಾಗಿ ತೀರ್ಪು ಕೊಡುವುದು. ಮಾರ್ಚ್ 18ರಂದು ಇದನ್ನು ಕಾರ್ಮಿಕರಿಗೆ ಹೇಳುವಾಗ ಗಾಂಧೀಜಿ ಗೆದ್ದೆವೆಂದು ಕುಣಿಸಲಿಲ್ಲ. ಪ್ರತಿಜ್ಞೆಯ ಅಕ್ಷರವನ್ನಷ್ಟೇ ಉಳಿಸಿದ್ದೇವೆ, ಒಳಗಿನ ಸತ್ವವನ್ನಲ್ಲ ಎಂದು ಅವರಿಗೇ ತಿಳಿಸಿದರು. ಆಗಸ್ಟಿನಲ್ಲಿ ಧ್ರುವರ ತೀರ್ಪು ಬಂತು: ಶೇಕಡ 35.

ಇಲ್ಲಿ ನಮ್ಮ ಕಾರ್ಯಕರ್ತರಲ್ಲಿ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. ಮುಂದಾಳು ತನ್ನ ಕುಂದನ್ನು ಬಹಿರಂಗದಲ್ಲಿ ಹೇಳಿಕೊಂಡರೆ ಮಾಲೀಕನ ಕೈಗೆ ಕೋಲು ಕೊಟ್ಟ ಹಾಗಾಗುವುದಿಲ್ಲವೇ, ಜನರ ಧೈರ್ಯ ಕುಂದುವುದಿಲ್ಲವೇ ಎಂದು. ಅಹಮದಾಬಾದಿನಲ್ಲಿ ನಡೆದದ್ದು ಹಾಗಲ್ಲ. ಸಂಘ ಒಡೆಯಲಿಲ್ಲ, ಎರಡೇ ವರ್ಷದಲ್ಲಿ, 1920ರಲ್ಲಿ, ‘ಮಜೂರ್ ಮಹಾಜನ್’ ಎಂಬ ಖಾಯಂ ಸಂಘವಾಗಿ ನಿಂತಿತು. ಮುಂದಾಳು ಮುಚ್ಚಿಟ್ಟದ್ದು ಗಿರಣಿಯ ಒಳಗೆ ಯಾರಿಗೂ ಗೊತ್ತಿಲ್ಲವೆಂದು ತಿಳಿಯುವುದೇ ಒಂದು ಭ್ರಮೆ. ಅದು ಎಲ್ಲರಿಗೂ ಗೊತ್ತಿರುತ್ತದೆ, ಪಾಳಿ ಬದಲಾಗುವಾಗ ನಲ್ಲಿಯ ಹತ್ತಿರ ಅದನ್ನೇ ಮಾತಾಡಿಕೊಳ್ಳುತ್ತಾರೆ.

ಗಾಂಧೀಜಿಯ ಎಲ್ಲ ವಿಚಾರವನ್ನೂ ನಾನು ಒಪ್ಪುವವನಲ್ಲ. ಮಾಲೀಕನು ತನ್ನ ಸಂಪತ್ತಿಗೆ ಧರ್ಮದರ್ಶಿಯಂತಿರಬೇಕೆಂಬ ಅವರ ವಾದದಲ್ಲಿ ನನಗೆ ನಂಬಿಕೆ ಕಡಿಮೆ; ಬೆಕ್ಕನ್ನು ಹಾಲಿನ ಧರ್ಮದರ್ಶಿ ಮಾಡಿದ ಹಾಗೆ ಅದು. ಇನ್ನು, ಆ ಮಾರ್ಚಿಯಲ್ಲಿ ತೆರೆದಿದ್ದ ಕಿವಿ ಸದಾ ಹಾಗೆಯೇ ತೆರೆದಿತ್ತೆಂದೂ ಹೇಳಲಾರೆ. ಅದೇ ವರ್ಷದ ಬೇಸಗೆಯ ನಂತರ ಖೇಡಾ ಜಿಲ್ಲೆಯಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಕಂದಾಯ ಸತ್ಯಾಗ್ರಹದಲ್ಲಿ ಗಾಂಧೀಜಿಗೆ ಪುಕ್ಕಟೆಯಾಗಿ ಗಾಡಿ ಕಟ್ಟಿಕೊಟ್ಟಿದ್ದ ರೈತರ ಬಳಿಗೆ ಅವರು ಬ್ರಿಟಿಷರ ಯುದ್ಧಕ್ಕೆ ಸೈನಿಕರನ್ನು ಸೇರಿಸಲು ಹೋದರು. ಈ ಸಲ ಬಾಡಿಗೆ ಕೊಡುತ್ತೇನೆಂದರೂ ಗಾಡಿ ಸಿಗಲಿಲ್ಲ. ಅಹಿಂಸೆ ಹೇಳುವ ನೀವು ಬಂದೂಕು ಹಿಡಿಯಿರೆಂದು ಹೇಗೆ ಕೇಳುತ್ತೀರಿ ಎಂದು ಹಳ್ಳಿಯವರು ಮುಖದ ಮೇಲೆಯೇ ಕೇಳಿದರು. ಸಿಗದ ಗಾಡಿ ಚಾಳಿನ ಮಾತಿಗಿಂತ ಮೆತ್ತಗಿನ ಉತ್ತರವೇನಲ್ಲ. ಆದರೂ ಅವರು ಕಾಲ್ನಡಿಗೆಯಲ್ಲೇ ಊರೂರು ಅಲೆದರು, ಕೊನೆಗೆ ಕಾಯಿಲೆ ಬಿದ್ದು ಹಾಸಿಗೆ ಹಿಡಿದರು. ಮಾರ್ಚಿಯಿಂದ ಜುಲೈಗೆ ನಾಲ್ಕು ತಿಂಗಳು. ಆತ್ಮಪರಿಚಯವೆಂಬುದು ಒಮ್ಮೆ ಮಂಜೂರಾದರೆ ತಿಂಗಳು ತಿಂಗಳು ತಾನಾಗಿ ಬರುವ ಪಿಂಚಣಿಯಂತಲ್ಲ ಎಂಬುದಕ್ಕೆ ಇಷ್ಟು ಸಾಕು.

ಒಬ್ಬ ಮನುಷ್ಯನ ಕಿವಿ ನಾಲ್ಕು ತಿಂಗಳಲ್ಲಿ ಮಂದವಾಗುವುದಾದರೆ ಒಂದು ಸಂಘದ ಕಿವಿ? ಅದೇ ಅಹಮದಾಬಾದಿನ ಅದೇ ಸಂಘದ ಮುಂದಿನ ಕಥೆಯನ್ನು ಹೇಳುತ್ತೇನೆ. ಇದರಲ್ಲಿ ವ್ಯಾಪಾರಿಗಳ ಪಾತ್ರವೂ ಇದೆ.

ಮಜೂರ್ ಮಹಾಜನ್ ದೊಡ್ಡದಾಯಿತು. ದೇಶದ ಬಲವಾದ ಕಾರ್ಮಿಕ ಸಂಘಗಳಲ್ಲಿ ಒಂದೆನಿಸಿತು. ಅದಕ್ಕೊಂದು ಮಹಿಳಾ ವಿಭಾಗವಿತ್ತು. ಗಿರಣಿ ಕಾರ್ಮಿಕರ ಹೆಂಡಿರಿಗೂ ಹೆಣ್ಣುಮಕ್ಕಳಿಗೂ ಹೊಲಿಗೆ, ನೂಲುವುದು ಮುಂತಾದುವನ್ನು ಕಲಿಸುವುದು ಅದರ ಕೆಲಸ. ಇಳಾ ಭಟ್ ಎಂಬ ವಕೀಲೆ ಅದರ ಮುಖ್ಯಸ್ಥೆಯಾದರು. 1971ರಲ್ಲಿ ಬಟ್ಟೆ ಪೇಟೆಯಲ್ಲಿ ತಲೆಹೊರೆ ಹೊರುವ, ಕೈಗಾಡಿ ಎಳೆಯುವ ಹೆಂಗಸರು ತಮಗೆ ಇರಲು ಮನೆಯಿಲ್ಲವೆಂದು ಹೇಳಿಕೊಂಡು ಸಂಘಕ್ಕೆ ಬಂದರು. ಇವರು ಯಾವ ಗಿರಣಿಯ ಪುಸ್ತಕದಲ್ಲೂ ಹೆಸರಿಲ್ಲದವರು. ಇಳಾ ಭಟ್ಟರು ಅವರ ಜೊತೆ ಪೇಟೆಗೆ ಹೋಗಿ ನೋಡಿದರೆ, ಒಂದು ಅಂಗಡಿಯಿಂದ ಇನ್ನೊಂದಕ್ಕೆ ಎಷ್ಟು ಸಲ ಹೊತ್ತರೂ ಕೊಟ್ಟಷ್ಟೇ ಕೂಲಿ, ಲೆಕ್ಕವಿಲ್ಲ, ಪತ್ರವಿಲ್ಲ. ಇದನ್ನು ಅವರು ಪತ್ರಿಕೆಗೆ ಬರೆದರು. ವರ್ತಕರು ಸುಮ್ಮನಿರಲಿಲ್ಲ, ಇದೆಲ್ಲ ಸುಳ್ಳು, ನಾವು ನ್ಯಾಯವಾದ ದರವನ್ನೇ ಕೊಡುತ್ತೇವೆ ಎಂದು ಪತ್ರಿಕೆಯಲ್ಲೇ ಉತ್ತರ ಕೊಟ್ಟರು. ಇಳಾ ಭಟ್ಟರು ಏನು ಮಾಡಿದರು ಗೊತ್ತೇ? ವರ್ತಕರ ಆ ಮಾತನ್ನೇ ಚೀಟಿಗಳಲ್ಲಿ ಅಚ್ಚುಹಾಕಿಸಿ ಹೊರೆಯ ಹೆಂಗಸರ ಕೈಗೆ ಕೊಟ್ಟರು. ಅದನ್ನು ತೋರಿಸಿ ಹೆಂಗಸರು ಕೂಲಿ ಕೇಳತೊಡಗಿದರು. ನಗಬೇಡಿ ಅಂಗಡಿಯ ಬಂಧುಗಳೇ, ನಾವು ಪತ್ರಿಕೆಯಲ್ಲಿ ಕೊಡುವ ಹೇಳಿಕೆಗಳನ್ನೂ ಯಾರಾದರೂ ಹೀಗೆ ಚೀಟಿ ಮಾಡಿ ಹಂಚಿದರೆ ಎಷ್ಟು ಜನ ಬಾಗಿಲು ತೆರೆದು ಮಾತಾಡಿಸುತ್ತೇವೆ?

ಆ ಹೆಂಗಸರು ನಮಗೂ ಒಂದು ಸಂಘ ಬೇಕೆಂದರು. ಮಾಲೀಕನೇ ಇಲ್ಲದ ಮೇಲೆ ಯಾರ ವಿರುದ್ಧ ಸಂಘವೆಂದು ಕಾರ್ಮಿಕ ಇಲಾಖೆ ರಾಗ ತೆಗೆಯಿತು. ಬಹಳ ವಾದವಾದ ಮೇಲೆ 1972ರ ಏಪ್ರಿಲ್‌ನಲ್ಲಿ ‘ಸೇವಾ’ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ಮಜೂರ್ ಮಹಾಜನದ ಅಧ್ಯಕ್ಷರಾದ ಅರವಿಂದ ಬುಚ್ ಅವರೇ ಅದರ ಮೊದಲ ಅಧ್ಯಕ್ಷರು. ಅಲ್ಲಿಯವರೆಗೆ ಹಳೆಯ ಕಿವಿ ಇನ್ನೂ ಕೇಳುತ್ತಿತ್ತೆನ್ನಬೇಕು.

1981ರಲ್ಲಿ ಗುಜರಾತಿನಲ್ಲಿ ಮೀಸಲಾತಿಯ ವಿರುದ್ಧ ಗಲಭೆಯೆದ್ದಿತು. ಅಹಮದಾಬಾದಿನಲ್ಲಿ ದಲಿತರ ಕೇರಿಗಳ ಮೇಲೆ ದಾಳಿಗಳಾದುವು. ಸೇವಾದಲ್ಲಿ ದಲಿತ ಹೆಂಗಸರು ಬಹಳ ಇದ್ದರು. ಇಳಾ ಭಟ್ಟರು ಬಹಿರಂಗವಾಗಿ ದಲಿತರ ಪರ ಮಾತಾಡಿದರು. ಮೊದಲೇ ಹಿರಿಯ ಸಂಘಕ್ಕೂ ಈ ಹೆಂಗಸರ ಸಂಘಕ್ಕೂ ಮುಖ ಕೆಟ್ಟಿತ್ತು. ಮಾತು ಕೇಳದ ಮಗಳು ಎಂಬ ಅಸಮಾಧಾನ. ಈ ಮಾತಿನ ಮೇಲೆ ಮಜೂರ್ ಮಹಾಜನವು ಸೇವಾವನ್ನು ಹೊರಗೆ ಹಾಕಿತು. ಅಸ್ಪೃಶ್ಯ ಕುಟುಂಬವೊಂದನ್ನು ಒಳಗೆ ಕರೆದದ್ದಕ್ಕೆ ಉಪವಾಸ ಬೀಳಲು ಸಿದ್ಧವಾಗಿದ್ದ ಆಶ್ರಮ ಯಾರದೋ, ಅವರೇ ಹುಟ್ಟಿಸಿದ ಸಂಘ ಅದು.

ಹೊರಗೆ ಹಾಕಿದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಖಾದಿ ಉಟ್ಟವರು, ಕೈ ಶುದ್ಧವಿದ್ದವರು, ಜೀವನವೆಲ್ಲ ಸಂಘಕ್ಕೆ ತೆತ್ತವರು ಅವರಲ್ಲಿದ್ದರು. ಅವರ ತೊಡಕು ಅಲ್ಲಿಯೇ. ಕೈ ಶುದ್ಧವಿದೆಯೆಂಬ ನಂಬಿಕೆ ಬಲವಾದಷ್ಟೂ ಕಿವಿಗೆ ಕೆಲಸ ಕಡಿಮೆಯಾಗುತ್ತದೆ. ಹಣ ತಿಂದ ಮುಂದಾಳಿಗೆ ರಾತ್ರಿ ಒಂದಿಷ್ಟು ಅಳುಕಾದರೂ ಇರುತ್ತದೆ. ಏನೂ ತಿನ್ನದ ಮುಂದಾಳಿಗೆ ಅದೂ ಇರುವುದಿಲ್ಲ. 1980ರ ದಶಕದಲ್ಲಿ ಅಹಮದಾಬಾದಿನ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದುವು, ಸಾವಿರಾರು ಗಂಡಸರು ಮನೆಯಲ್ಲಿ ಕೂತರು. ಆಗ ಎಷ್ಟೋ ಮನೆಗಳಲ್ಲಿ ಅನ್ನ ಬೆಂದದ್ದು ಸಂಘದ ದೊಡ್ಡವರ ಕಣ್ಣಿಗೆ ಕಾರ್ಮಿಕರಾಗಿ ಕಾಣದೇ ಇದ್ದ ಆ ಹೆಂಗಸರ ಸಂಪಾದನೆಯಿಂದ.

ಹಾಗಾದರೆ ನಾವು ಏನು ಮಾಡಬೇಕೆಂದು ಕೇಳುವಿರಿ. ನನ್ನ ಬಳಿ ದೊಡ್ಡ ಯೋಜನೆಯಿಲ್ಲ. ಕೆಲ ಸಣ್ಣ ಏರ್ಪಾಡುಗಳಿವೆ, ಒಳ್ಳೆಯತನವನ್ನು ನಂಬದೆಯೂ ನಡೆಯುವಂಥವು. ಸಂಪಿನ ಪ್ರಶ್ನೆ ಬಂದಾಗ ಅತಿ ಕಡಿಮೆ ಪಗಾರದವನು ಮೊದಲು ಮಾತಾಡಲಿ, ಅಧ್ಯಕ್ಷ ಕೊನೆಗೆ ಮಾತಾಡಲಿ. ಅಧ್ಯಕ್ಷ ಬಾಯಿ ಬಿಟ್ಟ ಮೇಲೆ ಉಳಿದವರು ಅದನ್ನೇ ತಿರುಗಿಸಿ ಹೇಳುತ್ತಾರೆ, ಅದು ಅಭಿಪ್ರಾಯವಲ್ಲ, ಮಗ್ಗಿ. ಬದಲಿ ಕೆಲಸದವನು, ಗುತ್ತಿಗೆಯವನು, ಗುಡಿಸುವ ಹೆಂಗಸು, ಅಂಗಡಿಯ ಗುಮಾಸ್ತೆ, ಇವರು ಸಭೆಗೆ ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳಲು ಅಧ್ಯಕ್ಷನಲ್ಲದ ಬೇರೊಬ್ಬ ಹೋಗಲಿ. ಅವನು ತಂದ ಉತ್ತರವನ್ನು ಅವರದೇ ಮಾತಿನಲ್ಲಿ, ಬೈಗುಳವಿದ್ದರೆ ಬೈಗುಳದೊಂದಿಗೆ, ನಡಾವಳಿ ಪುಸ್ತಕದಲ್ಲಿ ಬರೆಯಲಿ. ಸಂಪು ಹೂಡುವ ಮುನ್ನ ಪ್ರತಿಯೊಬ್ಬ ಮುಂದಾಳೂ ಎದ್ದು ನಿಂತು, ಇದು ಸೋತರೆ ನನಗೆ ಇಂತಿಷ್ಟು ನಷ್ಟ, ನನ್ನ ಮನೆಯಲ್ಲಿ ಇಂತಿಷ್ಟು ದಿನಕ್ಕೆ ಕಾಳಿದೆ, ಮಾಲೀಕರಿಂದ ನನಗೆ ಇಂಥ ಉಪಕಾರವಾಗಿದೆ ಎಂದು ಎಲ್ಲರ ಮುಂದೆ ಲೆಕ್ಕ ಕೊಡಲಿ. ವರ್ತಕರ ಸಂಘಕ್ಕೂ ಇದು ಸಲ್ಲುತ್ತದೆ: ಹರತಾಳಕ್ಕೆ ಕರೆಕೊಡುವ ಸಗಟು ವ್ಯಾಪಾರಿಗೂ, ದಿನದ ಗಿರಾಕಿಯನ್ನೇ ನಂಬಿದ ಬುಟ್ಟಿ ವ್ಯಾಪಾರದ ತಾಯಿಗೂ ಒಂದು ದಿನದ ಬಾಗಿಲು ಮುಚ್ಚುವುದು ಒಂದೇ ಬೆಲೆಯದಲ್ಲ.

ಹೊಗಳುವವರನ್ನು ದೂರವಿಡಿ ಎಂಬ ಉಪದೇಶವನ್ನು ನಾನು ಕೊಡುವುದಿಲ್ಲ, ಅದು ಯಾರಿಂದಲೂ ಆಗದು. ಹೊಗಳಿಕೆಗೆ ಒಂದು ಗಂಟೆ ಕೊಟ್ಟರೆ ಚಾಳಿಗೆ ಒಂದು ಗಂಟೆ ಕೊಡಿ, ಅಷ್ಟಾದರೂ ಆಗಲಿ.

ನಾನು ಒಂದು ಗಂಟೆಯಿಂದ ಮಾತಾಡುತ್ತಿದ್ದೇನೆ, ನೀವು ಸುಮ್ಮನೆ ಕೂತಿದ್ದೀರಿ. ಮುಂದಿನ ಸಾಲಿನವರು ಆಗಾಗ ತಲೆಯಾಡಿಸಿದ್ದನ್ನು ನೋಡಿದೆ. ಎರಡನೆಯ ಪಾಳಿಯವರಿಗೆ ಸಿಳ್ಳು ಕೂಗಲು ಇನ್ನೂ ಅರ್ಧ ಗಂಟೆಯಿದೆ. ಗೋಡೆಗೆ ಒರಗಿ ನಿಂತಿರುವವರು ಮೊದಲು ಮಾತಾಡಲಿ. ನಾನು ಕೂತುಕೊಳ್ಳುತ್ತೇನೆ.